ಮೌನೇಶನ ಸೋದರಮಾವ

ನನ್ನ ಅಂಗಡಿಯ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಇಡಲು ಒಂದು ಹಲಗೆ ಇದೆ. ಸಣ್ಣ ಹುಡುಗರನ್ನು ಅದರ ಮೇಲೆ ಕೂರಿಸಿದರೆ ತಲೆ ಕೈಗೆ ಸಿಗುತ್ತದೆ. ಯಾನಪ್ಪ ಕ್ಷೌರಕ್ಕೆ ಬಂದ ದಿನ ಆ ಹಲಗೆಯನ್ನು ಇಟ್ಟಿಗೆಗಳ ಮೇಲಿಟ್ಟು ನಾನೇ ಹತ್ತಿ ನಿಂತೆ. ಕುಳಿತವನ ನೆತ್ತಿ ಕಾಣಲು ನಿಂತವನು ಮೇಲೆ ಹತ್ತಬೇಕಾದದ್ದು ನನ್ನ ಕಸುಬಿನಲ್ಲಿ ಅದೇ ಮೊದಲು, ಅದೇ ಕೊನೆ. ಮೆಕ್ಕೆಜೋಳದ ತೆನೆಯ ಜುಟ್ಟಿನ ಬಣ್ಣದ ಕೂದಲು. ನೋಡಲು ಸಿಂಧನೂರು ಬಸ್‌ಸ್ಟ್ಯಾಂಡಿನ ಅರ್ಧ ಜನ ನನ್ನ ಬಾಗಿಲಲ್ಲಿ ನಿಂತಿದ್ದರು. ಕೆಲವರು ಬಸ್ಸನ್ನೂ ತಪ್ಪಿಸಿಕೊಂಡರು.

ಹಾಲೆಂಡ್ ದೇಶದವನು. ಹೆಸರು ಯಾನ್. ಅಷ್ಟು ಉದ್ದದ ಮನುಷ್ಯನಿಗೆ ಅಷ್ಟು ಗಿಡ್ಡ ಹೆಸರು ಸಾಲದೆಂದು ನಾವೇ 'ಅಪ್ಪ' ಸೇರಿಸಿದೆವು. ದೇಶ ದೇಶ ತಿರುಗುತ್ತ, ಹೋದಲ್ಲಿ ತಾಯಿತಂದೆ ಇಲ್ಲದ ಮಕ್ಕಳ ಮನೆ ಹುಡುಕಿ, ಕೆಲವು ತಿಂಗಳು ಬಿಟ್ಟಿ ದುಡಿದು ಮುಂದೆ ಹೋಗುವುದು ಅವನ ರೂಢಿ. ನೇಪಾಳ ಮುಗಿಸಿ ಹಂಪಿ ನೋಡಲು ಬಂದಿದ್ದ. ನಮ್ಮೂರಿನಲ್ಲಿ ಇಂಥದೊಂದು ಮನೆ ಇದೆ ಎಂದು ಯಾರೋ ಹೇಳಿದ್ದೇ ಸಾಕಾಯಿತು, ಗಂಗಾವತಿ ದಾರಿಯ ಬಸ್ಸು ಹತ್ತಿಬಿಟ್ಟ. ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು ಅದು. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಕತ್ತರಿ ಹಿಡಿದವನು. ದುಡಿದು ಉಣ್ಣುವುದು ಗೊತ್ತು, ಉಂಡು ಕೂರುವವರನ್ನೂ ಕಂಡಿದ್ದೆ. ಸ್ವಂತ ಖರ್ಚಿನಲ್ಲಿ ಬಂದು ದುಡಿಯಲು ಕೊಡಿ ಎಂದು ಬೇಡುವ ಮನುಷ್ಯನ ಮೇಲೆ ಮೊದಲಿಗೆ ಅನುಮಾನವೇ ಬಂತು.

ಆದರೆ ಅವನಿಗೆ ಕೆಲಸ ಕೊಡುವವರು ಯಾರು? ಬಂದವನು ಅತಿಥಿ. ಅವನು ಪೊರಕೆ ಹಿಡಿದರೆ ಆ ಮನೆಯ ಅಡುಗೆಯ ಈರಮ್ಮ ಕಸಿದುಕೊಳ್ಳುತ್ತಿದ್ದಳು. ತಾಟು ತೊಳೆಯಲು ಕೂತರೆ ಎಬ್ಬಿಸಿ ಚಹಾ ಕೊಡುತ್ತಿದ್ದಳು. ಅವನು ಅಂಗಳದಲ್ಲಿ ಎತ್ತ ನಡೆದರೂ ಹಿಂದೆಯೇ ಒಂದು ಕುರ್ಚಿ ನಡೆಯುತ್ತಿತ್ತು. ಕೊನೆಗೆ ಅವನು ಮಕ್ಕಳ ಜೊತೆ ನೆಲಕ್ಕೆ ಕೂತುಬಿಟ್ಟ. ಅಲ್ಲೇ ಕನ್ನಡವನ್ನೂ ಕಲಿತ. ಅದರಿಂದ ಆದ ಫಜೀತಿ ಅಷ್ಟಿಷ್ಟಲ್ಲ. ಕೇಳುತ್ತಿದ್ದುದು ಹುಡುಗರ ಹಟ ಮತ್ತು ಈರಮ್ಮನ ಬೈಗುಳ. ಅವನ ಬಾಯಲ್ಲಿ ಅವೆರಡೇ ಕನ್ನಡ. ಹಸಿವಾದರೆ, ಆ ಏಣಿಯಂಥ ಮನುಷ್ಯ, "ನಂಗ ಬೆಲ್ಲ ಹಚ್ಚಿದ ರೊಟ್ಟಿ ಬೇಕು, ಇಲ್ಲಂದ್ರ ಅಳ್ತೀನಿ" ಎನ್ನುತ್ತಿದ್ದ. ಒಮ್ಮೆ ಊರಿನ ದೊಡ್ಡ ಸಾಹೇಬರೊಬ್ಬರು ಮಕ್ಕಳನ್ನು ನೋಡಲು ಬಂದರು. ಯಾನಪ್ಪ ಓಡಿಹೋಗಿ, ತನ್ನ ಬೆನ್ನು ಬಿಡದ ಆ ಕುರ್ಚಿಯನ್ನೇ ತಂದಿಟ್ಟು, ಕೈಮುಗಿದು, ಬಹಳ ಮರ್ಯಾದೆಯಿಂದ ಹೇಳಿದ: "ಸುಮ್ಕ ಕುಂದರ್ತಿ ಏನು ಬಡೀಲಿ?" ಮಕ್ಕಳನ್ನು ಕೂರಿಸುವಾಗ ಈರಮ್ಮ ಹೇಳುವ ಮಾತು ಅದೊಂದೇ ಆಗಿತ್ತು. ಸಾಹೇಬರು ಸುಮ್ಮನೆ ಕೂತರು.

ಆ ಮನೆಯ ಗಂಡುಮಕ್ಕಳ ತಲೆಗಳೆಲ್ಲ ನನ್ನ ಪಾಲಿನವು. ಒಂದು ತಲೆ ಬಿಟ್ಟು. ಮೌನೇಶನಿಗೆ ಐದು ತುಂಬುತ್ತ ಬಂದಿತ್ತು, ಇನ್ನೂ ಜಾವಳ ತೆಗೆದಿರಲಿಲ್ಲ. ಹುಟ್ಟುಗೂದಲು ಬೆನ್ನಿನ ತನಕ ಇಳಿದು, ಗಂಟುಕಟ್ಟಿ, ಹೇನು ತುಂಬಿ, ಕಿವಿಯ ಹಿಂದೆಲ್ಲ ಹುಣ್ಣಾಗಿತ್ತು. ಜಾವಳವೆಂದರೆ ಸೋದರಮಾವನ ತೊಡೆಯ ಮೇಲೆ ಕೂಸನ್ನು ಕೂರಿಸಬೇಕು, ಮೊದಲ ಕತ್ತರಿ ಮಾವ ಹಾಕಬೇಕು, ಆಮೇಲೆ ನನ್ನ ಕೈ. ತಾಯಿಯೇ ಯಾರೆಂದು ಗೊತ್ತಿಲ್ಲದ ಹುಡುಗನಿಗೆ ತಾಯಿಯ ಅಣ್ಣನನ್ನು ಎಲ್ಲಿಂದ ತರುವುದು? ಮಾವನಿಲ್ಲದೆ ತೆಗೆಯಲು ಈರಮ್ಮ ಬಿಡಳು, ನಾನೂ ಒಪ್ಪಲಿಲ್ಲ. ಕಸುಬಿಗೊಂದು ಕಟ್ಟು ಇರುತ್ತದೆ. ಮಾವನಾಗಿ ಕೂಡ್ರಿ ಎಂದು ಈರಮ್ಮ ಊರ ಗಂಡಸರನ್ನೆಲ್ಲ ಕೇಳಿದ್ದಳು. ಉಡದಾರ, ಅಂಗಿ ಕೊಡಿಸಲು ಬೇಕಾದಷ್ಟು ಜನ ತಯಾರು. ತೊಡೆ ಕೊಡಲು ಮಾತ್ರ ಒಬ್ಬರೂ ಇಲ್ಲ. ಸೋದರಮಾವನ ಮಗಳೆಂದರೆ ನಮ್ಮಲ್ಲಿ ಹಕ್ಕಿನ ಹೆಣ್ಣು. ನಾಳೆ ಹುಡುಗ ದೊಡ್ಡವನಾಗಿ ಬಾಗಿಲಿಗೆ ಬಂದು ಹೆಣ್ಣು ಕೇಳಿದರೆ ಎಂಬ ಹೆದರಿಕೆ. ಹೆಣ್ಣುಮಕ್ಕಳಿಲ್ಲದವರು, ಮುಂದೆ ಹುಟ್ಟಿದರೆ ಎಂದು ಹೆದರಿದರು.

ಇದೊಂದೂ ಗೊತ್ತಿಲ್ಲದ ಯಾನಪ್ಪ ಒಂದು ಮಧ್ಯಾಹ್ನ, ಹುಡುಗ ತಲೆ ಕೆರೆದುಕೊಂಡು ಅಳುವುದನ್ನು ನೋಡಲಾರದೆ, ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಈರಮ್ಮನ ಕತ್ತರಿಯಿಂದ ದೊಡ್ಡದೊಂದು ಗಂಟು ಕತ್ತರಿಸಿಬಿಟ್ಟ. ಅದೂ ಮಂಗಳವಾರ. ಈರಮ್ಮ ಎದೆ ಬಡಿದುಕೊಂಡಳು. ಮಂಗಳವಾರ ನನ್ನ ಅಂಗಡಿ ಮುಚ್ಚಿರುತ್ತದೆ. ಮನೆಯಲ್ಲಿ ಮಲಗಿದ್ದವನನ್ನು ಎಬ್ಬಿಸಿ ಕರೆದೊಯ್ದರು. ನೋಡಿದೆ. ಕತ್ತರಿ ಅವನ ಕೈಯಲ್ಲಿ, ಹುಡುಗ ಇನ್ನೂ ಅವನ ತೊಡೆಯ ಮೇಲೆ. ಎಲ್ಲರೂ ನನ್ನ ಬಾಯಿ ನೋಡಿದರು.

"ತೊಡಿ ಇವಂದು, ಮೊದಲ ಕತ್ತರಿ ಇವಂದು," ಎಂದೆ. "ಇನ್ನೇನು ಕೇಳ್ತೀರಿ? ಸೋದರಮಾವ ಅಂದ್ರ ಇವನ."

ಮನೆಯ ಮೇಲ್ವಿಚಾರಕರಾದ ರಾಯಪ್ಪ ಮಾಸ್ತರರು ಅವನಿಗೆ ಇಂಗ್ಲಿಷಿನಲ್ಲಿ ಎಲ್ಲ ಬಿಡಿಸಿ ಹೇಳಿದರು. ನಾಳೆ ಹುಡುಗನ ಮದುವೆಗೆ ಬಂದು ಮುಂದೆ ನಿಲ್ಲಬೇಕು ಎಂದರು, ಹಕ್ಕಿನ ಹೆಣ್ಣಿನ ಮಾತನ್ನೂ ಹೇಳಿದರು. ಅವನಿಗೆ ತನ್ನ ದೇಶದಲ್ಲಿ ಇಬ್ಬರು ಹೆಣ್ಣುಮಕ್ಕಳಂತೆ. ಅದಕ್ಕೆ ಅವನು ನಕ್ಕು, ಅವರು ತನ್ನ ಮಾತೇ ಕೇಳುವುದಿಲ್ಲ, ಕೇಳಿ ನೋಡುತ್ತೇನೆ ಎಂದನಂತೆ. ಆದರೆ ಆಮೇಲೆ ಮಂಕಾದ. ಎರಡು ದಿನ ಯಾರ ಜೊತೆಯೂ ಆಡಲಿಲ್ಲ. ಮೌನೇಶ ಮಾತ್ರ ಒಂದು ಕಡೆ ಕೂದಲು ಹೋದ ತಲೆ ಹೊತ್ತು "ಮಾವಾ, ಮಾವಾ" ಎಂದು ಅವನ ಹಿಂದೆ ಹಿಂದೆ ತಿರುಗುತ್ತಿದ್ದ. ಯಾನಪ್ಪ ಒಲ್ಲೆನೆಂದರೆ ಆ ತಲೆ ಹಾಗೆಯೇ ಉಳಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಕರೆ ಓಗೊಡುವವರಿಲ್ಲದೆ ಉಳಿಯುತ್ತಿತ್ತು.

ಮೂರನೆಯ ದಿನ ಅವನೇ ಅಡುಗೆಮನೆಯ ಬಾಗಿಲಿಗೆ ಬಂದು, ತಲೆ ಬಗ್ಗಿಸಿ, ಈರಮ್ಮನಿಗೆ ಹೇಳಿದ: "ನಾ ಹೋಗ್ತೀನಿ. ದೂರ ಹೋಗ್ತೀನಿ. ಸುಳ್ಳು ಮಾವ ಆಗಂಗಿಲ್ಲ."

ರೊಟ್ಟಿ ಬಡಿಯುತ್ತಿದ್ದ ಈರಮ್ಮ ಕೈ ನಿಲ್ಲಿಸಲಿಲ್ಲ. "ಮಾವ ಅಂಬಾಂವ ಮನ್ಯಾಗ ಇರ್ತಾನೇನೋ ಹುಚ್ಚಪ್ಪ? ಮಾವ ಅಂದ್ರ ಬ್ಯಾರೆ ಊರಾಗ ಇರಾಂವ. ನಮ್ಮಣ್ಣ ಇಲ್ಲೇ ಮುಕ್ಕುಂದದಾಗ ಅದಾನ, ಹಬ್ಬಕ್ಕೂ ಹಣಿಕಿ ಹಾಕಂಗಿಲ್ಲ. ಅಂವ ನನ್ನ ಮಕ್ಕಳಿಗೆ ಮಾವ ಅಲ್ಲೇನು? ನೀ ಎಲ್ಲ್ಯಾರ ಇರು. ಅದೀನಿ ಅನ್ನು, ಸಾಕು."

ಯಾನಪ್ಪನಿಗೆ ಎಷ್ಟು ತಿಳಿಯಿತೋ, ಮಾಸ್ತರರನ್ನು ಕರೆದು ಮತ್ತೊಮ್ಮೆ ಕೇಳಿಸಿಕೊಂಡ. ಆಮೇಲೆ, "ಅದೀನಿ," ಎಂದ.

ಮನೆದೇವರು ಯಾವುದೆಂದು ಗೊತ್ತಿಲ್ಲದ ಹುಡುಗನಿಗೆ ಈರಮ್ಮ ತನ್ನ ಮನೆದೇವರನ್ನೇ ಕೊಟ್ಟಳು. ಸೋಮವಾರ ಬಸ್ಸು ಮಾಡಿಕೊಂಡು ಮಸ್ಕಿಗೆ ಹೋಗಿ ಮಲ್ಲಯ್ಯನ ಗುಡ್ಡ ಹತ್ತಿದೆವು. ಮಾವನಿಗೆ ಕೆಂಪು ರುಮಾಲು ಸುತ್ತಿ ಧೋತರ ಉಡಿಸಿದ್ದರು. ಅವನ ಉದ್ದಕ್ಕೆ ಅದು ಮೊಣಕಾಲಿಗೇ ನಿಂತಿತ್ತು. ಮೆಟ್ಟಿಲು ಹತ್ತುವಾಗ ಅದನ್ನು ಹಿಡಿಯಲು ಒಂದು ಕೈ, ರುಮಾಲು ಹಿಡಿಯಲು ಇನ್ನೊಂದು, ಹುಡುಗ ಹೆಗಲ ಮೇಲೆ. ಹಿಂದಿನ ದಿನ ಒಬ್ಬನೇ ಲಿಂಗಸುಗೂರಿಗೆ ಹೋಗಿ, ಮಾವ ಕೊಡಬೇಕಾದ ಬೆಳ್ಳಿಯ ಉಡದಾರ ತಂದಿದ್ದ. ಎಲ್ಲರೂ ನೋಡುತ್ತಿದ್ದಂತೆ ಅದನ್ನು ಹುಡುಗನ ಕೊರಳಿಗೆ ಹಾಕಿದ. ಈರಮ್ಮ ಬಿಚ್ಚಿ ಸೊಂಟಕ್ಕೆ ಕಟ್ಟಿದಳು. ತಂದ ಅಂಗಿ ಅವನ ದೇಶದ ಐದು ವರ್ಷದವರ ಅಳತೆಯದಿರಬೇಕು, ಮೌನೇಶ ಅದನ್ನು ಮೂರನೆಯ ತರಗತಿಯ ತನಕ ಹಾಕಿದ.

ಕತ್ತಿ ತಾಗಿದ ಕೂಡಲೇ ಹುಡುಗ ಅರಚಿದ. ಹೆಸರು ಮೌನೇಶ, ದನಿ ಗುಡ್ಡದ ಕೆಳಗಿನ ಪೇಟೆಗೂ ಕೇಳಿಸಿತು. ಹುಡುಗನ ಹುಣ್ಣು ಕಂಡು ಯಾನಪ್ಪನೂ ಅಳತೊಡಗಿದ, ಹುಡುಗರಿಂದ ಕಲಿತ ಹಾಗೆಯೇ, ಬಾಯಿ ತೆರೆದು. ಮಾವನ ಅಳು ನೋಡಿ ಹುಡುಗ ಬೆರಗಾಗಿ ಸುಮ್ಮನಾದ. ಆಗಲೇ ನಾನು ಇಡೀ ತಲೆ ಮುಗಿಸಿದೆ. ಅಂಥ ತಲೆಯಲ್ಲೂ ಒಂದು ಗೀರು ಬೀಳಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆಯವರಾರೂ ಹೇಳಲಿಲ್ಲ.

ಮುಂದಿನ ತಿಂಗಳು ಅವನು ಲಂಕೆಗೆ ಹೊರಟ. ಅಲ್ಲೂ ಒಂದು ಮಕ್ಕಳ ಮನೆ ಕಾಯುತ್ತಿತ್ತಂತೆ. ಬಸ್ಸಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೈ ಬೀಸಿದ. ಮತ್ತೆ ಬರಲಿಲ್ಲ. ಕೆಲವು ವರ್ಷ ಹೊಸ ವರ್ಷಕ್ಕೆ ಬಣ್ಣದ ಕಾರ್ಡು ಬರುತ್ತಿತ್ತು, ಆಮೇಲೆ ಅದೂ ಇಲ್ಲ.

ಮೌನೇಶನಿಗೆ ಹತ್ತು ದಾಟಿದ ಮೇಲಿನ ಮಾತು. ನನ್ನ ಅಂಗಡಿಯಲ್ಲಿ ಸರದಿಗೆ ಕೂತಿದ್ದ. ಪಕ್ಕದಲ್ಲಿ ದಢೇಸುಗೂರಿನ ಗೌಡರೊಬ್ಬರು. ಕೂತಲ್ಲಿ ಸುಮ್ಮನಿರಲಾರದೆ, ನಮ್ಮ ಕಡೆ ಎಲ್ಲರೂ ಕೇಳುವ ಮಾತನ್ನೇ ಕೇಳಿದರು: "ಯಾರ ಪೈಕಿ ಲೇ ನೀ?"

ನನ್ನ ಕತ್ತರಿ ನಿಂತಿತು. ಹುಡುಗ ಕಾಲು ಅಲ್ಲಾಡಿಸುತ್ತ, ಪತ್ರಿಕೆಯಿಂದ ಕಣ್ಣು ಎತ್ತದೆ ಹೇಳಿದ: "ತಾಯಿ ಕಡಿಂದ ನಾವು ಹಾಲೆಂಡದವ್ರರೀ. ನಮ್ಮ ಸೋದರಮಾವ ಅಲ್ಲೇ ಅದಾನ."

ಗೌಡರು ಮನಸ್ಸಿನಲ್ಲೇ ಊರುಗಳ ಲೆಕ್ಕ ಹಾಕಿ ನನ್ನ ಕಡೆ ತಿರುಗಿದರು. "ಯಾವ ತಾಲೂಕಿಗೆ ಬರತೈತಪಾ ಅದು?"

"ದೂರ ಐತ್ರೀ ಗೌಡ್ರ," ಎಂದೆ. "ಬಸ್ಸ ಕಮ್ಮಿ."