ಲೋರ್ನಾಳ ಹಿತ್ತಾಳೆ ಚಿಪ್ಪುಗಳು

ಲೋರ್ನಾ ಟ್ವೆಟ್ ತೋಟಾದ ಖಾಲಿ ಚಿಪ್ಪನ್ನು ನೆಲಕ್ಕೆ ಬೀಳಲು ಬಿಟ್ಟವಳಲ್ಲ. ಗುಂಡು ಹಾರಿದ ಮೇಲೆ ಬಂದೂಕಿನ ಹಿಂದಿನ ಅಗುಳಿಯಾದ ಬೋಲ್ಟನ್ನು ಮೆಲ್ಲಗೆ ಎಳೆದು, ಬಿಸಿ ಹಿತ್ತಾಳೆಯನ್ನು ಅಂಗೈಗೆ ಇಳಿಸಿಕೊಂಡು ಜೇಬಿಗೆ ಹಾಕುತ್ತಿದ್ದಳು. ಮಾವನ ಕಾಲದ ಆ ಹಾರ್ನೆಟ್ ರೈಫಲ್‌ಗೆ ಹೊಸ ಚಿಪ್ಪು ಮೊಂಟಾನಾದ ನಮ್ಮ ಮೂಲೆಯ ಅಂಗಡಿಗಳಲ್ಲಿ ಸಿಗುವುದು ನಿಂತು ಹೋಗಿತ್ತು. ಹಳೆಯದಕ್ಕೇ ಮತ್ತೆ ಮತ್ತೆ ಮದ್ದು ತುಂಬಬೇಕು.

ಅದರ ಹಿತ್ತಾಳೆ ಬಲು ತೆಳು. ಒಮ್ಮೆ ಹಾರಿದ ಚಿಪ್ಪು ಬಂದೂಕಿನ ಒಳಮೈಗೆ ತಕ್ಕಂತೆ ಉಬ್ಬಿರುತ್ತದೆ. ಲೋರ್ನಾ ಆ ಉಬ್ಬನ್ನು ಮುಟ್ಟದೆ, ಗುಂಡು ಕೂರುವ ಕತ್ತನ್ನಷ್ಟೇ ಅಚ್ಚಿನಲ್ಲಿ ಒತ್ತುವಳು. ಕತ್ತು ಗಡುಸಾದರೆ ಮೇಣದಬತ್ತಿಯ ಉರಿಗೆ ಹಿಡಿದು ತಿರುಗಿಸುವಳು. ಬುಡ ಹಿಡಿದ ಬೆರಳು ಚುರ್ ಎಂದೊಡನೆ ಒದ್ದೆ ಬಟ್ಟೆಯ ಮೇಲೆ ಬಿಡುವಳು. ಹೀಗೆ ವರ್ಷಗಟ್ಟಲೆ ಬಾಳಿಸಿದ್ದಳು.

ಚಳಿಗಾಲದಲ್ಲಿ ಕೊಟ್ಟಿಗೆಯ ಮಾಡು ರಿಪೇರಿಗೆ ಬಂದ ಮೈದುನ ಡೆಲ್, ಅವಳು ಪೇಟೆಗೆ ಹೋದಾಗ ಡಬ್ಬಿಯ ಚಿಪ್ಪುಗಳನ್ನೆಲ್ಲ ಉಜ್ಜಿ, ಅಚ್ಚಿಗೆ ಹಾಕಿ ಇಟ್ಟಿದ್ದ.

"ನೋಡು ಅತ್ತಿಗೆ, ಮದುವೆ ಹೆಣ್ಣಿನ ಹಾಗೆ ಹೊಳೀತಿವೆ!"

"ಚಿಪ್ಪಿನ ಮೈನೂ ಒತ್ತಿದ್ಯಾ?"

"ಒತ್ತದೆ ಇರ್ತೀನಾ? ಬುಡದ ತನಕ. ನನ್ನ ಬಂದೂಕಿಗೆ ಹಂಗೇ ಮಾಡೋದು."

"ಇದು ನಿನ್ನ ಬಂದೂಕಲ್ಲ ಕಣೋ, ಪೆದ್ದ. ಚಿಪ್ಪು ಕೂರೋ ಇದರ ಹೊಟ್ಟೆ ಸಡಿಲ."

ಒತ್ತಿ ಕುಗ್ಗಿಸಿದ ಹಿತ್ತಾಳೆ ಸಡಿಲ ಹೊಟ್ಟೆಯಲ್ಲಿ ಮತ್ತೆ ಹಿಗ್ಗುತ್ತದೆ. ಹಿಗ್ಗಿದಷ್ಟೂ ಬುಡದ ಬಳಿ ಒಳಗಿಂದ ಸವೆದು ಗೀರು ಬೀಳುತ್ತದೆ, ಹೊರಗೆ ಕಾಣದು. ಲೋರ್ನಾ ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಆಡಿಸಿ ನೋಡುವಳು. ತಂತಿ ತಡೆದರೆ ಆ ಚಿಪ್ಪು ಎಸೆಯಬೇಕು.

ಏಪ್ರಿಲ್‌ನಲ್ಲಿ ಕುರಿಗಳು ಮರಿ ಹಾಕತೊಡಗಿದವು. ಹಿಂದಿನ ಎರಡು ವಸಂತಗಳಲ್ಲಿ ಮರಿಗಳು ತೋಳದಂಥ ಕಯೋಟಿಗಳ ಪಾಲಾಗಿದ್ದವು. ಈ ಸಲವೂ ಉಳಿಯದಿದ್ದರೆ ಮಂದೆಯನ್ನೇ ಮಾರಬೇಕಿತ್ತು. ಒಂದು ಜೋಡಿ ಕಯೋಟಿ ದಿನವೂ ಬೆಳಿಗ್ಗೆ ದಿಬ್ಬ ಇಳಿದು ಬರುತ್ತಿತ್ತು. ಗುಂಡಿಗೆ ಹೆದರಿ ಓಡುವುದು, ಮರುದಿನ ಮತ್ತೆ ಬರುವುದು. ಹೀಗೆ ಹಾರಿಸುತ್ತ ಹಾರಿಸುತ್ತ ಒಂದು ಸಂಜೆ ತಂತಿ ಎಲ್ಲ ಚಿಪ್ಪುಗಳಲ್ಲೂ ತಡೆಯಿತು. ಅವಳು ಡೆಲ್‌ಗೆ ಫೋನ್ ಮಾಡಿದಳು.

"ನಿನ್ನ ದೊಡ್ಡ ಬಂದೂಕು ತಗೊಂಡು ಬಾರೋ."

"ಹೆಂಗೆ ಬರ್ಲಿ? ಟ್ರಕ್ಕು ಕೆಸರಲ್ಲಿ ಹೂತು ಕೂತಿದೆ. ಕುದುರೆ ಅಂಗಳ ದಾಟ್ತಿಲ್ಲ. ನನಗಿಂತ ಬುದ್ಧಿ ಜಾಸ್ತಿ ಅದಕ್ಕೆ."

"ಎಲ್ಲದರಲ್ಲೂ ಗೀರು ಬಿದ್ದಿದೆ, ಡೆಲ್."

ಆಚೆ ಕಡೆ ನಗು ನಿಂತಿತು. "ಹಾರಿಸಬೇಡ ಅತ್ತಿಗೆ. ಮುಖದ ಮೇಲೇ ಸಿಡಿದ್ರೆ?"

"ಹಂಗಾದ್ರೆ ನೀನೇ ಬಂದು ನಾಯಿ ಥರ ಬೊಗಳಿ ಓಡಿಸು."

ಗೀರು ಕಡಿಮೆ ಇದ್ದ ಎರಡನ್ನು ಆರಿಸಿ, ಮದ್ದು ಕೊಂಚ ಕಡಿಮೆ ತುಂಬಿದಳು. ಬೆಳಿಗ್ಗೆ ಕಣ್ಣಿಗೆ ದಪ್ಪ ಕನ್ನಡಕ ಹಾಕಿಕೊಂಡು ಬೇಲಿಯ ಬಳಿ ಗುರಿ ಹಿಡಿದು ಬೋರಲು ಮಲಗಿದಳು. ಮೊದಲ ಗುಂಡಿಗೆ ಗಂಡು ಕಯೋಟಿ ಬಿತ್ತು. ಬೋಲ್ಟ್ ಎಳೆದರೆ ಕೈಗೆ ಬಂದದ್ದು ಬರೀ ಬುಡ, ಉಂಗುರದಷ್ಟು ಹಿತ್ತಾಳೆ. ಉಳಿದ ಅರ್ಧ ಬಂದೂಕಿನೊಳಗೇ ಕಚ್ಚಿಕೊಂಡಿತ್ತು. ಎರಡನೆಯ ತೋಟಾ ಒಳಗೆ ಹೋಗಲಿಲ್ಲ. ಅವಳು ಅಂಗೈಯಿಂದ ಬೋಲ್ಟನ್ನು ಗುದ್ದುತ್ತಿದ್ದಂತೆಯೇ ಹೆಣ್ಣು ಕಯೋಟಿ ಮರಿಯೊಂದನ್ನು ಕಚ್ಚಿ ದಿಬ್ಬ ಹತ್ತಿತು.

ವಾರಗಳು ಕಳೆದು, ಕೆಸರು ಒಣಗಿ ರಸ್ತೆ ಗಟ್ಟಿಯಾದ ಮೇಲೆ ಡೆಲ್‌ನೊಂದಿಗೆ ನೆರೆಮನೆಯ ನಾನೂ ಹೋದೆ. ಲೋರ್ನಾ ಮಂದೆಯ ನಡುವೆ ನಿಂತು, ಕಯೋಟಿಯನ್ನು ಬೆದರಿಸಲು ಬಾಣಲೆಯ ಮುಚ್ಚಳವನ್ನು ಸೌಟಿನಿಂದ ಬಡಿಯುತ್ತಿದ್ದಳು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಸುತ್ತಲೂ ಕುರಿಗಳು ಕೆಚ್ಚಲು ತುಂಬಿಕೊಂಡು ಅರಚುತ್ತಿದ್ದವು. ಮರಿಗಳು ಅಲ್ಲೊಂದು ಇಲ್ಲೊಂದು. ಡೆಲ್ ತನ್ನ ಬಂದೂಕನ್ನು ಟ್ರಕ್ಕಿನಿಂದ ಇಳಿಸಲೇ ಇಲ್ಲ.

"ಅತ್ತಿಗೆ," ಎಂದ, "ದೊಡ್ಡ ಲಾರಿ ಕರೆಸ್ಲಾ? ಎಲ್ಲವನ್ನೂ ಸಂತೆಗೆ ಹಾಕೋಣ."

ಅವಳು ಹೂಂ ಎಂಬಂತೆ ಕತ್ತು ಬಗ್ಗಿಸಿದಳು. ಮುಚ್ಚಳ ಬಡಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.