ನಾಲ್ಕನೆಯ ಬಟ್ಟಲಿನ ಸದ್ದು

ಮೊದಲು ಬೆರಳು ಆಡಿತೋ, ಮೊದಲು ಸದ್ದು ಬಂತೋ, ನನಗೆ ಇಂದಿಗೂ ಖಚಿತವಿಲ್ಲ. ಭೌತಶಾಸ್ತ್ರ ಕಲಿಸುವವನು ನಾನು. ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆದ್ದರಿಂದ ನೆನಪಿರುವಷ್ಟನ್ನೇ ಬರೆಯುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿನಿ ಸುಜಾತ ಮೂಡಬಿದಿರೆಯ ಒಂದು ಪ್ರಯೋಗಾಲಯದಲ್ಲಿ ಮನುಷ್ಯರ ನರಕೋಶಗಳನ್ನು ಬೆಳೆಸುತ್ತಾಳೆ. ರಕ್ತದ ಕೋಶಗಳನ್ನು ಅವುಗಳ ಮೊದಲ ಸ್ಥಿತಿಗೆ ಮರಳಿಸಿ ತಿಂಗಳುಗಟ್ಟಲೆ ಸಾಕಿದರೆ, ಬಟ್ಟಲಿನಲ್ಲಿ ಸಾಬಕ್ಕಿಯಷ್ಟು ಬಿಳಿ ಉಂಡೆ ಮೂಡುತ್ತದೆ. ಅದು ಮೆದುಳಲ್ಲ; ಆದರೆ ಅದರ ನರಗಳು ಒಂದಕ್ಕೊಂದು ಸಂಕೇತ ಕಳಿಸುತ್ತವೆ. ಅವಳೂರು ಲಾಯಿಲದಲ್ಲಿ ಅವಳ ತಮ್ಮನ ಕೈಗಳು ವರ್ಷದಿಂದ ವರ್ಷಕ್ಕೆ ಬಲ ಕಳೆದುಕೊಳ್ಳುತ್ತಿದ್ದವು. ಏಕೆಂದು ವೈದ್ಯರಿಗೂ ತಿಳಿದಿರಲಿಲ್ಲ. ಅವನ ನರಗಳನ್ನು ಆರೋಗ್ಯವಂತರಾದ ಐವರ ನರಗಳ ಜೊತೆ ಹೋಲಿಸುವುದು ಅವಳ ಕೆಲಸ. ರಕ್ತ ಕೊಟ್ಟ ಆ ಐವರಲ್ಲಿ ನಾನೊಬ್ಬ. ಎಂಟು ತಿಂಗಳು, ದಿನ ಬಿಟ್ಟು ದಿನ, ಭಾನುವಾರವೂ ಊರಿನಿಂದ ವೇಣೂರು ದಾರಿಯ ಬಸ್ಸು ಹಿಡಿದು ಬಂದು ಅವಳು ಆ ಆರು ಬಟ್ಟಲುಗಳ ಪೋಷಕದ್ರವ ಬದಲಿಸಿದ್ದಳು. ಅಂಥ ತಾಳ್ಮೆ ನನಗಿಲ್ಲ.

ಒಂದು ಮಧ್ಯಾಹ್ನ ಮೆಲ್ಕಾರಿನಿಂದ ನಾನು ಅಲ್ಲಿಗೆ ಹೋದಾಗ ಅವಳು ಮುಖ ಸಣ್ಣದು ಮಾಡಿ ಕೂತಿದ್ದಳು.

"ಬಟ್ಟಲುಗಳನ್ನು ಸ್ಪಿರಿಟ್ ಹಾಕಿ ಒರೆಸಿದೆ ಸರ್. ಮಾರ್ಕರಿನಲ್ಲಿ ಬರೆದ ನಂಬರ್ ಎಲ್ಲ ಹೋಯ್ತು. ತಮ್ಮಂದು ಯಾವುದು ಅಂತ ಗೊತ್ತಿಲ್ಲ. ಇನ್ನು ಬಿಸಾಡುವುದೇ."

ಅದಕ್ಕೆ ಮೊದಲು ಒಮ್ಮೆ ಕೇಳಿಸು ಎಂದೆ. ನರಗಳ ಸಂಕೇತವನ್ನು ಅವಳು ಸ್ಪೀಕರಿನಲ್ಲಿ ಕೇಳಿಸುತ್ತಾಳೆ. ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗಿರುತ್ತದೆ. ಒಂದೊಂದಕ್ಕೂ ಹೊಸ ನಂಬರಿನ ಚೀಟಿ ಅಂಟಿಸುತ್ತ ಮೂರು ಕೇಳಿಸಿದಳು. ನನಗೇನೂ ಅನಿಸಲಿಲ್ಲ. ನಾಲ್ಕನೆಯದಕ್ಕೆ ನನ್ನ ಬೆರಳು ಮೇಜಿನ ಮೇಲೆ ಆಡತೊಡಗಿತು: ಎರಡು ಬಡಿತ, ಬಿಡುವು, ಮತ್ತೊಂದು. ಯೋಚನೆಯಲ್ಲಿದ್ದಾಗ ಚಿಕ್ಕಂದಿನಿಂದಲೂ ನಾನು ಹೀಗೇ ಬಡಿಯುತ್ತೇನೆ. ಸದ್ದು ನನ್ನ ಬೆರಳನ್ನು ಹಿಂಬಾಲಿಸಿದ ಹಾಗಿತ್ತು.

"ಇದು ನಂದು ಮಾರಾಯ್ತಿ!"

"ಅನಿಸಿದ್ದೆಲ್ಲ ಪುರಾವೆ ಅಲ್ಲ ಅಂತ ಕ್ಲಾಸಲ್ಲಿ ಬೈದದ್ದು ನೀವೇ ಅಲ್ವಾ ಸರ್?" ಆ ಹೊತ್ತಿನಲ್ಲೂ ಅವಳಿಗೆ ನಗು ಬಂತು.

"ಹಾಗಾದ್ರೆ ಪುರಾವೆ ತರಿಸುವ. ಆರಕ್ಕೂ ಡಿಎನ್‌ಎ ಪರೀಕ್ಷೆ ಆಗ್ಲಿ. ಅಲ್ಲಿವರೆಗೆ ಬಿಸಾಡ್ಬೇಡ."

ಗಾಬರಿಯಲ್ಲಿ ಅವಳಿಗೆ ಅದು ಹೊಳೆದೇ ಇರಲಿಲ್ಲ. ವರದಿ ಬರುವವರೆಗೆ, ಯಾವುದು ಯಾರದೆಂದು ತಿಳಿಯದೆಯೇ, ಆರನ್ನೂ ಒಂದೇ ಅಕ್ಕರೆಯಿಂದ ನೋಡಿಕೊಂಡಳು.

ಆಮೇಲೆ, ಅವಳ ಕಂಪ್ಯೂಟರಿನಲ್ಲಿ ಉಳಿದಿದ್ದ ಆ ಮಧ್ಯಾಹ್ನದ ಧ್ವನಿಮುದ್ರಣವನ್ನು ಹತ್ತಾರು ಸಲ ಕೇಳಿದೆ. ಅದರಲ್ಲಿ ನನ್ನ ಲಯವೇ ಇಲ್ಲ, ಬರೀ ಅಡ್ಡಾದಿಡ್ಡಿ ಸಿಡಿತ. ನೆನಪು ಮೋಸ ಮಾಡಿರಬೇಕು. ಕಣ್ಣು ಮುಚ್ಚಿ ಆರಿಸಿದರೂ ಆರರಲ್ಲಿ ಒಂದು ಸಲ ಸರಿಯಾಗಬಹುದು, ಅದೂ ಗೊತ್ತು. ಆದರೆ ವರದಿಯನ್ನು ನಾನೇ ಎರಡೆರಡು ಬಾರಿ ಓದಿದ್ದೇನೆ. ಅವಳ ತಮ್ಮನದು ಎರಡನೆಯ ಬಟ್ಟಲು. ನಾಲ್ಕನೆಯದು ನನ್ನದು.