ಮಾರಿಕುಪ್ಪಂಗೆ ಹೋಗಿ ಅಣ್ಣನಿಗೆ ಮಣ್ಣು ಕೊಟ್ಟು ಬಂದದ್ದು

ತಂತಿ ಬಂದಾಗ ನಾನು ಕಾಮಸಮುದ್ರದ ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದೆ. ಗಣಿಯಲ್ಲಿ ಬಂಡೆ ಸಿಡಿದು ಮುನಿಶಾಮಿ ತೀರಿಕೊಂಡಿದ್ದಾನೆ, ಕೂಡಲೇ ಬನ್ನಿ ಎಂದಿತ್ತು. ಮುನಿಶಾಮಿ ನನ್ನ ಒಡಹುಟ್ಟಿದ ಅಣ್ಣ. ಹೆಂಡತಿ ಸತ್ತ ಮೇಲೆ ಚಿನ್ನದ ಗಣಿಗೆ ಕೂಲಿಗೆ ಹೋದವನು ಊರಿಗೆ ಬರುತ್ತಿದ್ದುದೇ ಅಪರೂಪ. ಮನೆಗೆ ಬಂದು, ಅಂಗಳದಲ್ಲಿ ರಾಗಿ ಕೇರುತ್ತಿದ್ದ ಅಮ್ಮನಿಗೆ ಹೇಳಿದೆ. ಮೊರ ಕೈಜಾರಿತು. ಅವಳ ಗೋಳು ಕಿವಿಯಲ್ಲಿರುವಾಗಲೇ ಬಂಗಾರಪೇಟೆ ಬಸ್ಸು ಹತ್ತಿದೆ.

ಬಸ್ಸಿಗೆ ಆರಾಣೆ. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಒಂದು ಗಂಟೆ ತಡ. ಬಿಸಿಲು ಎಂದರೆ ಬಿಸಿಲು. ರೈಲಿನಲ್ಲಿ ಎದುರು ಕೂತ ಹುಣಿಸೆಹಣ್ಣಿನ ವ್ಯಾಪಾರಿ, "ಎಲ್ಲೀಗಂಟ ಸಾಮೀ?" ಎಂದ. "ಮಾರಿಕುಪ್ಪಂ, ಸಾವಿಗೆ" ಎಂದೆ. ಪಾಪ, ಅವನು ತನ್ನ ಬುಟ್ಟಿ ಸರಿಸಿ ನನಗೆ ಕಾಲು ಚಾಚಲು ಜಾಗ ಮಾಡಿದ. ದಾರಿಯುದ್ದಕ್ಕೂ, ಚಿನ್ನ ತೆಗೆದು ಸುರಿದ ಸಯನೈಡ್ ಮಣ್ಣಿನ ದಿಬ್ಬಗಳ ಬಿಳಿ ದೂಳು ಕಿಟಕಿಯಿಂದ ಬಂದು ಕಣ್ಣಿಗೆ ಬೀಳುತ್ತಿತ್ತು. ಕಣ್ಣೊರೆಸಿಕೊಳ್ಳಲು ಅದೊಂದು ನೆಪವಾಯಿತು.

ಗಣಿಯ ಗೇಟಿನಲ್ಲಿ ಗುಮಾಸ್ತ ಬಿಳಿ ಬಟ್ಟೆ ಸುತ್ತಿದ ಹೆಣ ತೋರಿಸಿ, "ಮುಖ ನೋಡೋ ಹಂಗಿಲ್ಲ ಸಾರ್" ಎಂದ. ನನ್ನ ಅಂಗೈಗೆ ಹಿತ್ತಾಳೆಯ ಬಿಲ್ಲೆಯೊಂದನ್ನು ಇಟ್ಟ. ಗಣಿಗೆ ಇಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದಾಗ ಕೊಡಬೇಕು. ಅಲ್ಲಿ ಲೆಕ್ಕ ಬಿಲ್ಲೆಗೆ, ಮುಖಕ್ಕಲ್ಲ. ಈ ಹೆಣದ ಸೊಂಟದಲ್ಲಿ ಸಿಕ್ಕಿದ್ದು ಅಣ್ಣನ ನಂಬರು.

ಅಷ್ಟರಲ್ಲಿ ಖಾಕಿ ಚಡ್ಡಿಯ ನಡುವಯಸ್ಸಿನವನೊಬ್ಬ ಬಂದು, "ನಾನು ಅಂತೋಣಿ. ಮೊದ್ಲು ನಮ್ ಶೆಡ್ಡಿಗೆ ಬನ್ನಿ ಸಾರ್, ಆಮೇಲೆ ಮಣ್ಣು" ಎಂದ. ಕೂಲಿಯವರ ಲೈನು ಮನೆಗಳ ಕೊನೆಗೆ ಒಂದು ತಗಡಿನ ಶೆಡ್ಡು. ಒಳಗೆ ಎಂಟು ಹಗ್ಗದ ಮಂಚ, ಎಂಟರ ಮೇಲೂ ಕೆಮ್ಮು. ಮೂರನೆಯ ಮಂಚದಲ್ಲಿ ನನ್ನ ಅಣ್ಣ ಗೋಡೆಗೆ ಒರಗಿ ಕೂತಿದ್ದ.

ಅಂಗೈಯಲ್ಲಿದ್ದ ಬಿಲ್ಲೆಯ ನಂಬರನ್ನು ಮತ್ತೊಮ್ಮೆ ಓದಿಕೊಂಡು ಒಂದು ಹೆಜ್ಜೆ ಹಿಂದೆ ಸರಿದೆ.

"ಎದರ್ಕೋಬ್ಯಾಡ ಕಣ್ಲಾ ತಮ್ಮಾ" ಎಂದ. "ಸತ್ತೋನು ನಾನಲ್ಲ. ನಮ್ ಸಾಮ್ಯೋರು."

ಸಾಮಿಯವರೆಂದರೆ ಅಲ್ಲಿನ ಪಾದ್ರಿ. ಉಳಿದುದನ್ನು ಅಂತೋಣಿ ಹೇಳಿದ. ಅವರು ಮಂಗಳೂರು ಕಡೆಯ ಮೀನುಗಾರರ ಮಗ, ಕಪ್ಪಗೆ ಗಟ್ಟಿ ಆಳು. ಮಿಷನ್ನಿನವರು ಪೂಜೆ ಮಾಡಿಸಲೆಂದು ಇಲ್ಲಿಗೆ ಕಳಿಸಿದ್ದರು. ಗಣಿಯ ದೂಳು ಎದೆಗಿಳಿದವನು ಕೆಲಸಕ್ಕೆ ತಪ್ಪಿದರೆ ಹೆಸರು ಹೊಡೆದುಹಾಕುತ್ತಾರೆ, ಹೆಂಡತಿ ಮಕ್ಕಳು ಲೈನು ಮನೆ ಬಿಡಬೇಕು. ಒಂದು ದಿನ ಅಂಥ ಒಬ್ಬನಿಗೆ ಪ್ರಾರ್ಥನೆ ಹೇಳಲು ಹೋದ ಪಾದ್ರಿ, ಪ್ರಾರ್ಥನೆ ಮುಗಿಸಿ ಅವನ ಬಿಲ್ಲೆ ತೆಗೆದುಕೊಂಡು ತಾವೇ ಗಣಿಗೆ ಇಳಿದರು. ದೂಳು ಮೆತ್ತಿದ ಮೇಲೆ ಯಾರು ಯಾರೆಂದು ಯಾರಿಗೆ ಗೊತ್ತು? ಆಮೇಲೆ ಅಂತೋಣಿ ಸೇರಿದ, ಮತ್ತೆ ಮೂವರು. ಮದುವೆಯ ಆಸೆ ಬಿಟ್ಟು, ಹಗಲೊಬ್ಬ ರೋಗಿಯ, ರಾತ್ರಿಯೊಬ್ಬ ರೋಗಿಯ ಪಾಳಿ ದುಡಿಯುವುದೇ ವ್ರತವೆಂದು ಐವರದೊಂದು ಸಂಘವಾಯಿತು. ನಿಲುವಂಗಿ ಇಲ್ಲ, ಮಠ ಇಲ್ಲ. ಲೈನಿನವರು ಬಿಲ್ಲೆ ಸಾಮಿಗಳು ಎಂದು ಕರೆಯುತ್ತಿದ್ದರು.

"ಆರು ತಿಂಗ್ಳಿಂದ ನನ್ ಬಿಲ್ಲೆ ಇಡ್ಕೊಂಡು ಅವ್ರೇ ಇಳೀತಿದ್ರು" ಎಂದ ಅಣ್ಣ. "ದುಡ್ಡು ನಿಂತ್ರೆ ಅಮ್ಮಂಗೆ ತಿಳೀತೈತೆ ಅಂತ ನಾನೇ ಕೇಳ್ಕೊಂಡೆ."

ತಿಂಗಳಿಗೊಮ್ಮೆ ತಪ್ಪದೆ ಬಂದ ಮನಿಯಾರ್ಡರು ನೆನಪಾಯಿತು. ಆರು ತಿಂಗಳು ನಾವು ಉಂಡದ್ದು ಹೆಸರೂ ಕೇಳದ ಪಾದ್ರಿಯ ಬೆವರು.

ಅಂತೋಣಿ ಕೈಮುಗಿದ. "ನಿಮ್ಮಣ್ಣ ಅಂತಲೇ ಮಣ್ಣು ಕೊಡ್ಬೇಕು ಸಾರ್. ನಿಜ ಒರಗೆ ಬಂದ್ರೆ ಇಲ್ಲಿ ಉಳ್ದ ಏಳು ಜನರ ಮನೆನೂ ನಾಳೇನೇ ಬೀದಿಗೆ. ಮಿಷನ್ನಿನ ದೊಡ್ಡ ಸಾಮಿಗಳ್ಗೆ ಇವ್ರ ಸಾವಿನ ಸುದ್ದಿ ನಾವು ಏಳ್ಕೊಂತೀವಿ."

"ಬೇರೆ ದೇವರ ಪೂಜಾರಿಗೆ ನಾನು ಒಡಹುಟ್ಟಿದವನ ಕೆಲಸ ಮಾಡಲಾ? ಸುಳ್ಳು ಹೆಸರಲ್ಲಿ?" ಎಂದು ರೇಗಿದೆ. ಮಂಚಗಳು ಕೆಮ್ಮಿದವು. ಆ ಕೆಮ್ಮು ಕೇಳುತ್ತಲೇ ಎದ್ದು ಅಂತೋಣಿಯ ಹಿಂದೆ ಹೊರಟೆ.

ನಮ್ಮಲ್ಲೂ ಹೂಳುವುದೇ ಪದ್ಧತಿ. ನೀರಿನ ಗಡಿಗೆ ಹೊತ್ತು ಗುಂಡಿಗೆ ಮೂರು ಸುತ್ತು ಬಂದೆ, ಮೂರು ಹಿಡಿ ಮಣ್ಣು ಹಾಕಿದೆ. ಗುಮಾಸ್ತ ಪಕ್ಕದಲ್ಲೇ ನಿಂತಿದ್ದ. ಶಿಲುಬೆಯ ಗುರುತು ಮಾಡಲು ಎದ್ದ ಅಂತೋಣಿಯ ಕೈ ಹಣೆಯ ತನಕ ಹೋಗಿ, ಬೆವರೊರೆಸಿಕೊಂಡು ಕೆಳಗಿಳಿಯಿತು. ಗುಮಾಸ್ತ ಚಾಚಿದ ಪರಿಹಾರದ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ.

ಹೊರಡುವಾಗ ಅಣ್ಣ, "ನಾನಿನ್ನು ಊರ್ಗೂ ಸತ್ತೋನೇ ಕಣ್ಲಾ. ನಮ್ಮೂರೋರು ಇಲ್ಲಿ ಬೋ ಜನ ಅವ್ರೆ, ಊರಲ್ಲಿ ತಿಳುದ್ರೆ ಗಣಿಗೂ ತಿಳೀತೈತೆ" ಎಂದ. ರೈಲು ತಿರುಗುವಾಗ ತಗಡಿನ ಶೆಡ್ಡು ಒಮ್ಮೆ ಕಾಣಿಸಿತು.

ಮರುದಿನ ಮನೆ ಮುಟ್ಟಿದಾಗ ಅಂಗಳದ ತುಂಬ ಜನ. ಅಮ್ಮನನ್ನು ತಬ್ಬಿಕೊಂಡು ಕಿವಿಯಲ್ಲಿ ಹೇಳಿದೆ: "ಅಣ್ಣ ಬದುಕವ್ನೆ. ಆದ್ರೆ ಅಳೋದು ನಿಲ್ಲಿಸ್ಬ್ಯಾಡ."

ಅಮ್ಮ ನನ್ನ ಮುಖ ನೋಡಿದಳು. "ಅಂಗಾರೆ ಯಾರ್‌ಗಲಾ ಅಳ್ಲಿ?"

ಎರಡು ಮಾತಿನಲ್ಲಿ ಹೇಳಿದೆ. ಅವಳು ಕೇಳಿದ್ದು ಒಂದೇ: "ಆಯಪ್ಪಂಗೆ ತಾಯಿ ಅವ್ಳಾ?"

"ಅವ್ಳಂತೆ. ಅವಳ್ಗಿನ್ನೂ ಗೊತ್ತಿಲ್ಲ."

ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಮತ್ತೆ ಅಳತೊಡಗಿದಳು. ಒಂಬತ್ತು ದಿನ ಅತ್ತಳು. ಸುಳ್ಳಿಗೆ ಅಳುತ್ತಿದ್ದಾಳೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.